ಖಾಲಿ ಪುಟದ ಸಾಕ್ಷ್ಯ

ನೆಲದ ಮೇಲೆ ಮಡಕೆ ಇಲ್ಲ ಅನ್ನುವುದು ನಮಗೆ ಗೊತ್ತಾಗುವುದು ಹೇಗೆ? ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಕಾಣದಿರುವುದೇ ಒಂದು ಬೇರೆ ಪ್ರಮಾಣ, ಅದು ಅನುಪಲಬ್ಧಿ ಎಂದರು ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು. ಈ ಪ್ರಮಾಣಕ್ಕೆ ಒಂದು ಷರತ್ತು ಉಂಟು: ಮಡಕೆ ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಂಥ ಬೆಳಕಿರಬೇಕು. ಕತ್ತಲೆ ಕೋಣೆಯಲ್ಲಿ ಕೈಗೆ ಸಿಗದ ಮಡಕೆ ಇಲ್ಲವೆಂದೇನೂ ಆಗದು. ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಬಹುಪಾಲು ಜಗಳ ಈ ಹಳೆಯ ಷರತ್ತನ್ನು ಮರೆತದ್ದರಿಂದ ಹುಟ್ಟಿದ್ದು ಎಂಬುದು ನನ್ನ ವಾದ.

ಸೈನಿಕನನ್ನು ಬಿಡುಗಡೆ ಮಾಡುವ ಮುನ್ನ ಮೆಡಿಕಲ್ ಬೋರ್ಡ್ ಮುಖ್ಯವಾಗಿ ಎರಡು ವಿಷಯ ಬರೆಯುತ್ತದೆ: ವೈಕಲ್ಯ ಎಷ್ಟು ಪರ್ಸೆಂಟ್, ಅದು ಸೇವೆಯಿಂದ ಬಂದದ್ದೇ ಅಥವಾ ಸೇವೆಯಲ್ಲಿ ಉಲ್ಬಣಿಸಿದ್ದೇ. ಎರಡೂ ಅಲ್ಲ ಎನ್ನುವ ಇಂಗ್ಲಿಷ್ ಒಕ್ಕಣೆಯ ಮೊದಲಕ್ಷರ ಕೂಡಿಸಿ ಆ ವಲಯದವರು ‘ನಾನಾ’ ಅನ್ನುತ್ತಾರೆ. ಕನ್ನಡದಲ್ಲಿ ಬಗೆಬಗೆ ಎಂದಾಗುವ ಪದಕ್ಕೆ ಅಲ್ಲಿ ಒಂದೇ ಅರ್ಥ, ಪಿಂಚಣಿ ಇಲ್ಲ. 1985ರಲ್ಲಿ ಸೇರಿ, ಮೂರ್ಛೆರೋಗದ ಕಾರಣಕ್ಕೆ 20 ಪರ್ಸೆಂಟ್ ವೈಕಲ್ಯದೊಂದಿಗೆ 1994ರಲ್ಲಿ ಹೊರಬಂದ ಸಿಪಾಯಿ ಧರ್ಮವೀರ್ ಸಿಂಗ್‌ಗೂ ಇದೇ ಆಯಿತು. ಕಾಯಿಲೆ ಅವನ ದೇಹಪ್ರಕೃತಿಯದು ಎಂದಿತು ಬೋರ್ಡು. 2013ರಲ್ಲಿ ಸುಪ್ರೀಂ ಕೋರ್ಟ್, 1982ರ ನಿಯಮಗಳನ್ನು ಓದಿ, ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಸುಳಿವಿಲ್ಲದಿದ್ದರೆ ಅದು ಸೇವೆಯಲ್ಲಿ ಬಂದದ್ದೆಂದೇ ಹಿಡಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದಿತು.

ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ. ಭರ್ತಿಯ ದಿನ ಎತ್ತರ, ಎದೆಯಳತೆ, ಕಣ್ಣು, ಕಿವಿ ನೋಡುತ್ತಾರೆ. ಫಿಟ್ಸ್ ಬರದ ದಿನ ಮೂರ್ಛೆರೋಗಿಯೂ ಎಲ್ಲರಂತೆಯೇ ನಿಂತಿರುತ್ತಾನೆ. ಹಾಗಿದ್ದರೆ ಆ ಖಾಲಿ ಕಾಲಂ ಕೂಡ ಕತ್ತಲೆ ಕೋಣೆಯೇ ಅಲ್ಲವೇ? ಹೌದು, ಒಪ್ಪಲೇಬೇಕು. ನಿಯಮವೂ ಒಪ್ಪಿತ್ತು: ಮೊದಲ ತಪಾಸಣೆಯಲ್ಲಿ ಸಿಗುವಂಥ ಕಾಯಿಲೆಯಲ್ಲ ಎಂದು ಕಾರಣ ಕೊಟ್ಟು ಬರೆಯಲು ವೈದ್ಯರಿಗೆ ಅವಕಾಶವಿತ್ತು. ಆದರೆ ಈ ನ್ಯಾಯ ಇನ್ನೊಂದು ಕಡೆಗೂ ಸಲ್ಲಬೇಕು. ಸೇವೆಯ ನಡುವೆ ಮಂಡಿನೋವಿನ ದಾಖಲೆ ಇಲ್ಲ, ಆದ್ದರಿಂದ ನೋವೇ ಇರಲಿಲ್ಲ ಎನ್ನುವಾಗ ಬೆಳಕು ಎಲ್ಲಿತ್ತು? ನೋವು ಹೇಳಿಕೊಂಡರೆ ಮೆಡಿಕಲ್ ಕೆಟಗರಿ ಇಳಿಯುತ್ತದೆ, ಪ್ರಮೋಷನ್‌ಗೆ ಕುತ್ತು ಬರುತ್ತದೆ. ನೋವು ನಿವಾರಕ ಗುಳಿಗೆ ನುಂಗಿ ಗಸ್ತಿಗೆ ಹೋದವನ ನೋವು ಯಾವ ರಿಜಿಸ್ಟರಿಗೂ ಏರುವುದಿಲ್ಲ. ಆ ಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮಾಜಿ ಸೈನಿಕನ ಮಾತನ್ನು ತಳ್ಳಿಹಾಕುವಂತಿಲ್ಲ ಎಂದು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು 2006ರಲ್ಲಿ ಹೇಳಿದ್ದು ಇದನ್ನೇ.

ಬಿಪಿ, ಶುಗರ್ ಅಂಗಡಿಯವನಿಗೂ ಬರುತ್ತದಲ್ಲ, ಎಲ್ಲವನ್ನೂ ಸೇನೆಯ ತಲೆಗೆ ಕಟ್ಟಿದರೆ ಬೊಕ್ಕಸದ ಗತಿಯೇನು ಎಂಬುದು ಇನ್ನೊಂದು ಆಕ್ಷೇಪ. ಕಾಯಿಲೆ ಯಾರಿಗೂ ಬರಬಹುದು ಎಂಬುದು ಸಾಮಾನ್ಯ ಮಾತು. ಈ ದೇಹದಲ್ಲಿ ಸೇವೆ ಅದನ್ನು ಕೆದಕಲಿಲ್ಲ ಎಂಬುದು ಬೇರೆ ಮಾತು, ಅದಕ್ಕೆ ಬೇರೆ ಆಧಾರ ಬೇಕು. ಆಧಾರ ಎರಡೂ ಕಡೆ ಸಮವಾಗಿ ಉಳಿದಾಗ ವೈದ್ಯಶಾಸ್ತ್ರದ ಕೆಲಸ ಮುಗಿಯಿತು. ಸಂಶಯದ ಭಾರ ಯಾರು ಹೊರಬೇಕು ಎಂಬುದು ಧರ್ಮದ ಪ್ರಶ್ನೆ. ತಪಾಸಣೆ ಮಾಡಿದವರು, ಪೋಸ್ಟಿಂಗ್ ಕೊಟ್ಟವರು, ಕಡತ ಇಟ್ಟುಕೊಂಡವರು ಒಬ್ಬರೇ ಆಗಿರುವಾಗ ಭಾರ ಅವರದಾಗುವುದೇ ಸರಿ ಎಂದು ನನಗೆ ಕಾಣುತ್ತದೆ. ಅಮೆರಿಕದ ಕಾನೂನೂ ಸಮ ತೂಕ ಬಂದರೆ ಸೈನಿಕನ ಕಡೆಗೇ ವಾಲುತ್ತದೆ. ಸುಳ್ಳು ಕ್ಲೇಮುಗಳಿಗೆ ಇದರಿಂದ ಬಾಗಿಲು ತೆರೆಯುತ್ತದೆಂದರೆ, ಮುಚ್ಚುವ ಚಿಲಕ ಬೋರ್ಡಿನ ಕೈಯಲ್ಲೇ ಇದೆ: ಕಾರಣ ಬರೆಯುವುದು. ಧರ್ಮವೀರ್ ಸಿಂಗ್ ಕಡತದಲ್ಲಿ ಆ ಕಾರಣವೇ ಇರಲಿಲ್ಲ. ಬರೆಯಬೇಕಾದವರು ವೈದ್ಯರು, ಪೆನ್ನು ಅವರ ಕೈಯಲ್ಲಿತ್ತು, ಇದ್ದಿದ್ದರೆ ಅಲ್ಲೇ ಕಾಣಬೇಕಿತ್ತು. ಇಡೀ ಕಡತದಲ್ಲಿ ಮೀಮಾಂಸಕರ ಷರತ್ತಿಗೆ ಪೂರ್ತಿ ಹೊಂದುವ ಖಾಲಿ ಜಾಗ ಅದೊಂದೇ.