ತಡ ಮಾಡಿದಾಕೆಯ ಋಣ

ಅಡ್ಡಗಾಲು ಹಾಕುವವರನ್ನು ಕಂಡರೆ ಯಾರಿಗೂ ಆಗುವುದಿಲ್ಲ. ‘ಈ ಕಾಗದ ಸಾಲದು, ಇನ್ನೊಂದು ತನ್ನಿ’ ಎನ್ನುವ ಕಚೇರಿಯವರನ್ನು ಮನಸ್ಸಿನಲ್ಲೇ ಬೈದುಕೊಳ್ಳದವರು ಅಪರೂಪ. ಆದರೆ ಅಂಥ ಒಬ್ಬ ಹೆಂಗಸಿನ ಕತೆ ತಿಳಿದಾಗಿನಿಂದ, ತಡ ಮಾಡುವುದೂ ಒಂದು ಬಗೆಯ ಕರುಣೆಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆಕೆ ಫ್ರಾನ್ಸಿಸ್ ಕೆಲ್ಸಿ. ವೈದ್ಯೆ, ಇಬ್ಬರು ಹೆಣ್ಣುಮಕ್ಕಳ ತಾಯಿ. 1960ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ, ಥಾಲಿಡೊಮೈಡ್ ಎಂಬ ನಿದ್ದೆ ಮಾತ್ರೆಯ ಅರ್ಜಿ ಮೇಜಿಗೆ ಬಂತು. ಜರ್ಮನಿಯಲ್ಲಿ 1957ರಿಂದಲೇ ಅದು ಮಾರಾಟದಲ್ಲಿತ್ತು. ಬಸುರಿಯರ ವಾಕರಿಕೆಗೂ ಕೊಡುತ್ತಿದ್ದರು. ಅಂದಿನ ಕಾನೂನಿನಂತೆ 60 ದಿನಗಳೊಳಗೆ ಆಕ್ಷೇಪ ಎತ್ತದಿದ್ದರೆ ಒಪ್ಪಿಗೆ ಸಿಕ್ಕಿದಂತೆಯೇ. ಕೆಲ್ಸಿ ಪ್ರತಿಸಲವೂ ಮಾಹಿತಿ ಸಾಲದೆಂದು ಅರ್ಜಿಯನ್ನು ಹಿಂದಿರುಗಿಸಿದರು. ಕಂಪನಿಯವರು ಮತ್ತೆ ಮತ್ತೆ ಬಂದರು, ಫೋನು ಮಾಡಿದರು, ಮೇಲಧಿಕಾರಿಗಳಿಗೆ ದೂರಿದರು. ಅಷ್ಟರಲ್ಲಿ, ಈ ಮಾತ್ರೆ ನುಂಗಿದವರ ಕೈಕಾಲು ಜೋಮು ಹಿಡಿಯುತ್ತಿದೆ ಎಂಬ ಪತ್ರವೊಂದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಅವರ ಕಣ್ಣಿಗೆ ಬಿತ್ತು. ದೊಡ್ಡವರ ನರಗಳಿಗೇ ಹೀಗಾದರೆ ಹೊಟ್ಟೆಯೊಳಗಿನ ಮಗುವಿನ ಗತಿಯೇನು? ಬಸುರಿಯರಿಗೆ ಇದು ಅಪಾಯವಲ್ಲ ಎಂಬುದಕ್ಕೆ ಪುರಾವೆ ಕೊಡಿ ಎಂದರು. ಕಂಪನಿಯ ಬಳಿ ಅದಿರಲಿಲ್ಲ.

ಉತ್ತರ ಜರ್ಮನಿಯಿಂದ ಬಂತು. 1961ರ ನವೆಂಬರಿನಲ್ಲಿ ಅಲ್ಲಿ ಮಾತ್ರೆಯನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಮೊಟಕು ಕೈಕಾಲುಗಳ ಸಾವಿರಾರು ಕೂಸುಗಳು ಹುಟ್ಟಿದ್ದವು. ಜಗತ್ತಿನಲ್ಲೆಲ್ಲ ಸೇರಿ ಅಂಥ ಮಕ್ಕಳು 10,000ಕ್ಕೂ ಹೆಚ್ಚು.

ಬದುಕಿಸಿದ ಡಾಕ್ಟರಿಗೆ ಕೈಮುಗಿಯುತ್ತೇವೆ. ಆದರೆ ಬಾರದೇ ಹೋದ ಕೇಡು ಯಾರ ಕಣ್ಣಿಗೆ ಕಾಣುತ್ತದೆ? ಕೆಲ್ಸಿಯವರ ಹಟದಿಂದ ಅಂಗಾಂಗ ಸರಿಯಾಗಿಯೇ ಹುಟ್ಟಿ ಶಾಲೆಗೆ ಹೋದ ಮಕ್ಕಳಲ್ಲಿ ಒಬ್ಬರಿಗೂ ತಾವು ಪಾರಾದೆವೆಂದು ಗೊತ್ತಿಲ್ಲ.

ಹಾಗೆಂದು ತಡ ಮಾಡುವುದೆಲ್ಲ ಪುಣ್ಯದ ಕೆಲಸವೆನ್ನಲು ನನಗೆ ಬಾಯಿ ಬರುವುದಿಲ್ಲ. 1988ರ ಅಕ್ಟೋಬರಿನಲ್ಲಿ ಏಡ್ಸ್ ರೋಗಿಗಳೂ ಅವರ ಗೆಳೆಯರೂ ಇದೇ ಸಂಸ್ಥೆಯ ಕಚೇರಿಗೆ ಮುತ್ತಿಗೆ ಹಾಕಿದ್ದರು. ನೀವು ಪರೀಕ್ಷೆ ಮುಗಿಸುವಷ್ಟರಲ್ಲಿ ನಾವೇ ಮುಗಿದಿರುತ್ತೇವೆ ಎಂಬುದು ಅವರ ಸಂಕಟ. ಇಂದೋ ನಾಳೆಯೋ ಎಂದಿರುವ ಮಗುವಿನ ತಾಯಿಗೆ ಕೆಲವು ವರ್ಷ ಕಾಯಮ್ಮ ಎಂದರೆ ಆಕೆ ಅದನ್ನು ಕರುಣೆಯೆಂದು ಕರೆಯುತ್ತಾಳೆಯೆ?

ಹಾಗಾದರೆ ಯಾರು ಸರಿ? ನನಗೆ ದಾರಿ ಕಂಡದ್ದು ಕೆಲ್ಸಿಯವರ ಕತೆಯಲ್ಲಿ ಅಷ್ಟಾಗಿ ಯಾರೂ ಹೇಳದ ಒಂದು ಭಾಗದಲ್ಲಿ. ಒಪ್ಪಿಗೆ ಸಿಗದಿದ್ದರೂ ಕಂಪನಿ ಪ್ರಯೋಗದ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ವೈದ್ಯರ ಮೂಲಕ 25 ಲಕ್ಷದಷ್ಟು ಮಾತ್ರೆಗಳನ್ನು ಹಂಚಿತ್ತು. ತಾವು ನುಂಗುತ್ತಿರುವುದು ಇನ್ನೂ ಪರೀಕ್ಷೆಯಲ್ಲಿರುವ ಮದ್ದೆಂದು ಎಷ್ಟೋ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಮುಂಬಾಗಿಲು ಮುಚ್ಚಿದ್ದ ಅಮೆರಿಕದಲ್ಲೂ ಹಿತ್ತಿಲ ಬಾಗಿಲಿನಿಂದ ಕೇಡು ಒಳಗೆ ಬಂದದ್ದು ಹೀಗೆ. ಸಾಯುವೆನೆಂದು ಗೊತ್ತಿದ್ದು, ಅಪಾಯವನ್ನೂ ಅರಿತು ಕೈಚಾಚುವವನು ಬೇರೆ. ಏನೂ ತಿಳಿಯದೆ ನೀರಿನೊಂದಿಗೆ ನುಂಗುವ ಬಸುರಿ ಬೇರೆ.

1962ರಲ್ಲಿ ಅಮೆರಿಕ ಕಾನೂನನ್ನು ಬಿಗಿಗೊಳಿಸಿ, ಪ್ರಯೋಗಕ್ಕೊಳಗಾಗುವವರ ಒಪ್ಪಿಗೆ ಬೇಕೆಂದಿತು. ನಮ್ಮ ದೇಶದ 2019ರ ನಿಯಮಗಳೂ ಅದನ್ನೇ ಹೇಳುತ್ತವೆ. ಮೊದಲು ಪ್ರಾಣಿಗಳು, ಆಮೇಲೆ ಸಾಮಾನ್ಯವಾಗಿ ಆರೋಗ್ಯವಂತರಾದ ಕೆಲವರು, ಬಳಿಕ ನೂರಾರು, ಸಾವಿರಾರು ರೋಗಿಗಳು. ಹೊಸ ಮದ್ದು ನಮ್ಮ ಅಲಮಾರಿಗೆ ಬರುವ ಹಾದಿ ಇದು. ನಾವು ನುಂಗುವ ಗುಳಿಗೆಗಳ ಹಿಂದೆ ನಮಗೆ ಪರಿಚಯವೇ ಇಲ್ಲದ ಎಷ್ಟೋ ಜನರ ದೇಹದ ಋಣವಿದೆ. ಅವರಿಗೆ ನಾವು ಸಲ್ಲಿಸಬಹುದಾದ ಮರ್ಯಾದೆಯೆಂದರೆ ಸತ್ಯ ಹೇಳಿ ಕೇಳುವುದು.

ಆದರೆ ಸಹಿಯೊಂದೇ ಒಪ್ಪಿಗೆಯೆ? ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಹೆಂಡತಿಯ ಕಾಗದವನ್ನು ಗಂಡ ಓದುತ್ತಾನೆ. ಆಕೆ ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ‘ಡಾಕ್ಟರನ್ನೇ ಪ್ರಶ್ನೆ ಕೇಳುವುದೇ?’ ಎಂಬ ಸಂಕೋಚ ಬೇರೆ. ತರಕಾರಿಯವನ ಬಳಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುವ ನಾವು ದೇಹದೊಳಗೆ ಇಳಿಯುವ ಮದ್ದಿನ ಮುಂದೆ ಮಾತ್ರ ಬಾಯಿ ಕಟ್ಟಿ ನಿಲ್ಲುತ್ತೇವೆ.

ಅದೇ ಥಾಲಿಡೊಮೈಡಿಗೆ 1998ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಕುಷ್ಠರೋಗದಲ್ಲಿ ಏಳುವ ನೋವಿನ ಗಂಟುಗಳಿಗೆ. ಹೆಂಗಸರಿಗಾದರೆ ಬಸುರಿಲ್ಲವೆಂದು ಪರೀಕ್ಷಿಸಿ, ಅಪಾಯವನ್ನು ಬಿಡಿಸಿ ಹೇಳಿಯೇ ಕೊಡಬೇಕೆಂಬ ಕಟ್ಟುಪಾಡಿನೊಂದಿಗೆ. ಮಾತ್ರೆ ಹಳೆಯದೇ. ಈ ಸಲ ಮಾತ್ರ ನುಂಗುವವಳಿಗೆ ಎಲ್ಲವೂ ಗೊತ್ತಿತ್ತು.