ನೀರು ಕಂಡ ಜಾಗ

ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಸುಮಾರು ಮೂರು ವಾರಗಳ ಕಾಲ ದಿನವೂ ಮಧ್ಯಾಹ್ನದ ಹೊತ್ತಿಗೆ ಬೊಗಸೆಯಷ್ಟು ನೀರು ಬಂದು ನಿಲ್ಲುತ್ತಿತ್ತು. ಬೊಗಸೆ ನೀರಿನ ಕಥೆಯನ್ನು ಪತ್ರಿಕೆಯಲ್ಲಿ ಬರೆಯುವುದೆ ಎಂದು ಓದುಗರು ಕೇಳಬಹುದು. ನೀರು ನಿಂತದ್ದಷ್ಟೇ ಆಗಿದ್ದರೆ ನಾನೂ ಬರೆಯುತ್ತಿರಲಿಲ್ಲ. ಆ ನೀರಿನ ತಪ್ಪನ್ನು ನಾವು ಒಬ್ಬರ ತಲೆಗೆ ಕಟ್ಟಿದೆವು. ಅದು ಇನ್ನೂ ಮನಸ್ಸನ್ನು ಕೊರೆಯುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಪಾತ್ರೆ ತೊಳೆಯುವ ಯಂತ್ರವೊಂದಿದೆ. ಡಿಷ್‌ವಾಷರ್ ಎಂದು ಅದರ ಹೆಸರು. ನನ್ನಾಕೆ ಅದನ್ನು ‘ಪೆಟ್ಟಿಗೆ’ ಎನ್ನುತ್ತಾಳೆ. 2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬರಲಾರದೆ ಹೋದಾಗ ಬೆಂಗಳೂರಿನ ಎಷ್ಟೋ ಮನೆಗಳಿಗೆ ಬಂದಂತೆ ನಮ್ಮ ಮನೆಗೂ ಅದು ಬಂತು. ಕೆಲಸದಾಕೆ ಮರಳಿ ಬರುವ ವೇಳೆಗೆ ಪಾತ್ರೆಯ ಕೆಲಸ ಪೆಟ್ಟಿಗೆಯ ಪಾಲಾಗಿತ್ತು. ಗುಡಿಸಿ ಒರೆಸುವುದು ಮಾತ್ರ ಆಕೆಗೆ ಉಳಿಯಿತು. ಸಂಬಳದಲ್ಲಿ ಪಾತ್ರೆಯ ಭಾಗವೂ ಹೋಯಿತು. ಆಗ ಅದು ನಮಗೆ ನ್ಯಾಯವೆಂದೇ ತೋರಿತ್ತು.

ಬೆಳಗಿನ ತಿಂಡಿಯಾದ ಮೇಲೆ ಪಾತ್ರೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಗುಂಡಿ ಒತ್ತುವುದು ನನ್ನ ಕೆಲಸ. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ದೊರೆತ ಒಂದೇ ಅಧಿಕಾರ ಅದು. ಪೆಟ್ಟಿಗೆ ಓಡುತ್ತಿರುವಾಗಲೇ, ಹತ್ತು ಗಂಟೆಯ ಸುಮಾರಿಗೆ, ಆಕೆ ಬಂದು ನೆಲ ಒರೆಸಿ ಬಕೆಟ್ಟನ್ನೂ ಬಟ್ಟೆಯನ್ನೂ ಆ ಮೂಲೆಯಲ್ಲಿಟ್ಟು ಹೋಗುವಳು. ನೀರು ನಿಲ್ಲುತ್ತಿದ್ದುದು ಬಕೆಟ್ಟಿನ ಬುಡದಲ್ಲೇ. ಇನ್ನು ವಿಚಾರಣೆ ಏತಕ್ಕೆ? “ಬಟ್ಟೆ ಸರಿಯಾಗಿ ಹಿಂಡಬಾರದೆ? ಕಪಾಟಿನ ಹಲಗೆ ಉಬ್ಬಿಹೋಗಿದೆ ನೋಡು” ಎಂದಳು ನನ್ನಾಕೆ. ನಾನು ಪೇಪರಿನಿಂದ ತಲೆಯೆತ್ತಿ, “ಸ್ವಲ್ಪ ಗಮನ ಇಟ್ಟು ಕೆಲಸ ಮಾಡಮ್ಮ” ಎಂದು ಸೇರಿಸಿದೆ. “ಹಿಂಡೇ ಇಡ್ತೀನಮ್ಮ” ಎಂದಳು ಆಕೆ. ಇದ್ದದ್ದನ್ನು ಇದ್ದಂತೆ ಹೇಳಿದ ಆ ಮಾತು ನಮಗೆ ಎದುರುತ್ತರವಾಗಿ ಕೇಳಿಸಿತು.

ಮಾರನೆಯ ದಿನದಿಂದ ಆಕೆ ಬಟ್ಟೆಯನ್ನು ಎರಡೆರಡು ಸಲ ಹಿಂಡಿ, ಬಕೆಟ್ಟನ್ನು ಹೊರಗೆ ಬಾಲ್ಕನಿಯಲ್ಲಿ ಇಡತೊಡಗಿದಳು. ನೀರು ಮಾತ್ರ ಎಂದಿನಂತೆ ನಿಂತಿತು. ಆಗಲಾದರೂ ನಮಗೆ ನಮ್ಮ ಮೇಲೆ ಸಂಶಯ ಬರಬೇಕಿತ್ತು. ಬರಲಿಲ್ಲ. ಒರೆಸುವಾಗಲೇ ಮೂಲೆಯಲ್ಲಿ ನೀರು ಬಿಡುತ್ತಾಳೆಂದು ಹೊಸ ಕಾರಣ ಹುಡುಕಿಕೊಂಡೆವು. ಒಬ್ಬರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿದ ಮೇಲೆ ಅವರ ಪರವಾದ ಸಾಕ್ಷ್ಯವನ್ನೂ ಅವರ ವಿರುದ್ಧವೇ ತಿರುಗಿಸುವ ಶಕ್ತಿ ಮನಸ್ಸಿಗಿದೆ.

ಹೀಗಿರುವಾಗ ಊರ ಜಾತ್ರೆಗೆಂದು ಆಕೆ ಎರಡು ದಿನ ರಜ ತೆಗೆದುಕೊಂಡಳು. ಮೊದಲ ದಿನ ಮನೆಯಲ್ಲಿ ನೆಲ ಒರೆಸಲೇ ಇಲ್ಲ. ಮಧ್ಯಾಹ್ನ ನೋಡಿದರೆ ಮೂಲೆಯಲ್ಲಿ ನೀರು! ನನ್ನಾಕೆ ನನ್ನ ಮುಖ ನೋಡಿದಳು. ನಾನು ಪೆಟ್ಟಿಗೆಯ ಮುಖ ನೋಡಿದೆ.

ಎರಡನೆಯ ದಿನ ಪತ್ತೇದಾರಿಕೆಗೆ ಇಳಿದೆ. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ಬಾಗಿಲ ಕೆಳಗಿನ ಅಡ್ಡಪಟ್ಟಿ ಬಿಚ್ಚಿ, ನೆಲವನ್ನು ಒಣಗಿಸಿ, ಪೆಟ್ಟಿಗೆಯ ಕೆಳಗೂ ಸುತ್ತಲೂ ಹಳೆಯ ಪತ್ರಿಕೆ ಹಾಸಿದೆ. ಅವುಗಳಲ್ಲಿ ಕೆಲವು ಇಂಥ ಪುರವಣಿಗಳೂ ಇದ್ದುವು, ಸಂಪಾದಕರು ಮನ್ನಿಸಬೇಕು. ನೀರು ಸೋರಲು ಮುಖ್ಯವಾಗಿ ಮೂರು ದಾರಿಗಳುಂಟು: ನೀರು ತರುವ ಕೊಳವೆಯ ಜೋಡಣೆ, ಕೊಳೆ ನೀರನ್ನು ಹೊರದಬ್ಬುವ ಪಂಪು ಮತ್ತು ಅದರ ಕೊಳವೆ, ಬಾಗಿಲ ಸುತ್ತಲಿನ ರಬ್ಬರು. ಪೆಟ್ಟಿಗೆಯನ್ನು ಓಡಿಸದೆ ನಲ್ಲಿಯನ್ನು ಮಾತ್ರ ಒಂದು ಗಂಟೆ ತೆರೆದಿಟ್ಟೆ. ಕಾಗದ ಒಣಗಿಯೇ ಇತ್ತು. ಆಮೇಲೆ ಸಂಪರ್ಕ ಕೊಟ್ಟು ಓಡಿಸಿದೆ. ಇದರೊಳಗೆ ನೀರು ತುಂಬಿ ನಿಲ್ಲುವುದಿಲ್ಲ. ತಳದಲ್ಲಿ ಕೆಲವೇ ಲೀಟರು ಇರುತ್ತದೆ. ಅದನ್ನೇ ಪಂಪು ಮತ್ತೆ ಮತ್ತೆ ಎತ್ತಿ, ತಿರುಗುವ ತೋಳುಗಳ ರಂಧ್ರಗಳಿಂದ ಪಾತ್ರೆಗಳ ಮೇಲೆ ಎರಚುತ್ತದೆ. ಎರಚಾಟ ಮೊದಲಾಗಿ ಹತ್ತು ನಿಮಿಷವಾಗಿತ್ತು. ಬಾಗಿಲ ಎಡಗಡೆಯ ಕೆಳತುದಿಯ ನೇರಕ್ಕೆ ಕಾಗದದ ಮೇಲೆ ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಅಡ್ಡಪಟ್ಟಿಯ ಮರೆಯಲ್ಲಿ ಬಿದ್ದ ನೀರು ನೆಲದ ಇಳಿಜಾರು ಹಿಡಿದು, ಕಪಾಟಿನ ಕೆಳಗೆ ಹರಿದು, ಆರಡಿ ಆಚೆಯ ಮೂಲೆಯಲ್ಲಿ ತಲೆಯೆತ್ತುತ್ತಿತ್ತು.

ಓಟ ಮುಗಿದು ತಣ್ಣಗಾದ ಮೇಲೆ ಬಾಗಿಲು ತೆರೆದು ನೋಡಿದೆ. ಕುಕ್ಕರಿನ ಗ್ಯಾಸ್ಕೆಟ್ ಎಲ್ಲರಿಗೂ ಗೊತ್ತು, ಇದೂ ಅಂಥದೇ. ಅದರ ಕೆಳತುದಿಯ ಮಡಿಕೆಯಲ್ಲಿ ಒಂದು ಕರಿಬೇವಿನ ಕಡ್ಡಿ, ಅದರ ಬೆನ್ನಿಗೆ ಒಣಗಿ ಕಲ್ಲಾದ ನಾಲ್ಕು ಅಗುಳು. ಬಾಗಿಲು ಅಷ್ಟರಮಟ್ಟಿಗೆ ಕೂಡುತ್ತಿರಲಿಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಮತ್ತೆ ಓಡಿಸಿದಾಗ ಕಾಗದ ನೆನೆಯಲಿಲ್ಲ. ರಿಪೇರಿಗೆ ಕಾಸೂ ಖರ್ಚಾಗಲಿಲ್ಲ. “ಎಂಜಲು ಕೊಡವಿ ಇಡಿ ಎಂದು ಎಷ್ಟು ಸಲ ಹೇಳಿಲ್ಲ?” ಎಂದಳು ನನ್ನಾಕೆ. ಕಡ್ಡಿಯನ್ನು ಅಲ್ಲಿಗೆ ಕಳುಹಿಸಿದ ಅಧಿಕಾರಿ ನಾನೇ!

ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಹೊಗೆ, ಬೆಂಕಿಗಳ ದೃಷ್ಟಾಂತ ಗೊತ್ತು. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದಕ್ಕೆ ಅಲ್ಲಿ ಅಡಿಗೆಮನೆ ಉದಾಹರಣೆ. ಬೆಂಕಿಯಿಲ್ಲದಲ್ಲಿ ಹೊಗೆಯೂ ಇಲ್ಲ ಎಂಬುದಕ್ಕೆ ಮಡು ಉದಾಹರಣೆ. ಮೊದಲನೆಯದು ಅನ್ವಯ, ಎರಡನೆಯದು ವ್ಯತಿರೇಕ. ನಮ್ಮಲ್ಲಿ ಅಡಿಗೆಮನೆಯೂ ಮಡುವೂ ಒಂದೇ ಆದದ್ದರಿಂದಲೋ ಏನೋ ತರ್ಕ ಕೆಟ್ಟಿತು. ಬಕೆಟ್ಟಿದ್ದಾಗ ನೀರಿದೆ ಎಂಬುದನ್ನು ಮಾತ್ರ ನೋಡಿದೆವು. ಬಕೆಟ್ಟಿಲ್ಲದಾಗ ನೀರಿಲ್ಲವೆ ಎಂದು ನೋಡಲಿಲ್ಲ. ಆಕೆ ಬಕೆಟ್ಟನ್ನು ಎತ್ತಿ ಹೊರಗಿಟ್ಟು ಆ ಪ್ರಯೋಗವನ್ನೂ ಮಾಡಿ ತೋರಿಸಿದ್ದಳು. ನಮಗೆ ಕಣ್ಣಿರಲಿಲ್ಲ.

ಆದರೆ ಇದು ಬರಿಯ ತರ್ಕದೋಷವೆ? ಅನುಮಾನ ಮೇಲಿನ ಮನೆಯವರ ಮೇಲೆ ಬಂದಿದ್ದರೆ ನಾನೇನು ಮಾಡುತ್ತಿದ್ದೆ? ಅವರು ದೊಡ್ಡ ಅಧಿಕಾರಿಗಳು. ಅವರ ಬಾಗಿಲು ತಟ್ಟುವ ಮೊದಲು ನಾಲ್ಕು ಸಲ ಪರೀಕ್ಷಿಸುತ್ತಿದ್ದೆ. ತಟ್ಟಿದ ಮೇಲೂ “ಬಹುಶಃ” ಎಂದೇ ಮಾತು ತೆಗೆಯುತ್ತಿದ್ದೆ. ಕೆಲಸದಾಕೆಯನ್ನು ಸಂಶಯಿಸಲು ನಮಗೆ ಏನೂ ವೆಚ್ಚವಿರಲಿಲ್ಲ. ಸಾಕ್ಷ್ಯ ಎಷ್ಟು ಬೇಕೆಂಬುದನ್ನು ನಾವು ತಪ್ಪಿನ ಗಾತ್ರ ನೋಡಿ ಗೊತ್ತುಮಾಡುವುದಿಲ್ಲ. ಎದುರಿಗಿರುವವರ ಬಲ ನೋಡಿ ಗೊತ್ತುಮಾಡುತ್ತೇವೆ. ಈ ಯಂತ್ರದ ಹುಟ್ಟಿನಲ್ಲಿಯೂ ಅಂಥದೊಂದು ಸಂಗತಿಯಿದೆ. ಇದಕ್ಕೆ 1886ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ. ತಮ್ಮ ಪಿಂಗಾಣಿ ತಟ್ಟೆಗಳ ಅಂಚು ಆಳುಗಳ ಕೈಯಲ್ಲಿ ಮುಕ್ಕಾಗುವುದೆಂದು ಬೇಸತ್ತು ಇದನ್ನು ಕಲ್ಪಿಸಿದರೆಂದು ಹೇಳುತ್ತಾರೆ. 1893ರ ಚಿಕಾಗೋ ವಿಶ್ವಮೇಳದಲ್ಲಿ ಇದರ ಪ್ರದರ್ಶನವೂ ನಡೆಯಿತು. ಆಳುಗಳು ಏನು ಹೇಳಿದರೆಂಬುದು ಆ ಕಥೆಯಲ್ಲಿ ಬರುವುದಿಲ್ಲ.

ಜಾತ್ರೆಯಿಂದ ಬಂದವಳಿಗೆ ಕರಿಬೇವಿನ ಕಡ್ಡಿಯನ್ನು ತೋರಿಸಿ, “ತಪ್ಪು ನಮ್ಮದಮ್ಮ, ನಿನ್ನನ್ನು ಅಂದದ್ದು ಅನ್ಯಾಯವಾಯಿತು” ಎಂದೆ. ಆಕೆ ನಕ್ಕು, “ಬಿಡಿ ಸಾರ್, ನೀರು ತಾನೆ” ಎಂದಳು. ನನಗೆ ಹಗುರವಾಯಿತು. ಸಂಜೆಯ ಹೊತ್ತಿಗೆ ಆ ಹಗುರವೇ ಭಾರವಾಯಿತು. ಬೇರೆ ಏನು ತಾನೆ ಹೇಳಿಯಾಳು? ಕ್ಷಮಿಸುವುದಿಲ್ಲ ಎನ್ನಲು ಅನುಕೂಲವಿಲ್ಲದವರು ಕೊಟ್ಟ ಕ್ಷಮೆಯನ್ನು ಕ್ಷಮೆಯೆಂದು ಲೆಕ್ಕಕ್ಕೆ ಬರೆದುಕೊಳ್ಳಬಹುದೆ? ಪಾತ್ರೆಯ ಭಾಗವನ್ನು ಆ ತಿಂಗಳಿಂದ ಸಂಬಳಕ್ಕೆ ಮತ್ತೆ ಸೇರಿಸಿದೆವು. ಅದು ಬೇರೆ ಲೆಕ್ಕ. ಆಡಿದ ಮಾತಿಗೆ ಅದು ಬೆಲೆಯಲ್ಲ.

ಮೂಲೆ ಈಗ ಒಣಗಿದೆ. ಮೊನ್ನೆ ಆಕೆ ಕೆಲಸ ಮುಗಿಸಿ ಬಕೆಟ್ಟನ್ನು ಎತ್ತಿಕೊಂಡು ಬಾಲ್ಕನಿಗೆ ಹೊರಟಾಗ, “ಇಲ್ಲೇ ಇಡಮ್ಮ, ಮೊದಲಿನ ಹಾಗೆ” ಎಂದೆ.

“ಇರ್ಲಿ ಸಾರ್, ಅಲ್ಲೇ ಅಭ್ಯಾಸ ಆಗಿದೆ” ಎಂದು ಹೇಳಿ, ಹೊರಗಿಟ್ಟು ಹೋದಳು.