ಛಾವಣಿಯ ಮೇಲೆ ಹತ್ತಬೇಕಾದವರು ಯಾರು?

ಈ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕರು ಕೇಳಿದಾಗ, ನಾವು ಎಂದಿನಂತೆ ಕೊಲೆಸ್ಟರಾಲ್ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಬರೆಯುತ್ತೇವೆಂದು ಅವರು ಎಣಿಸಿದ್ದಿರಬೇಕು. ಈ ಸಲ ಅದಕ್ಕೆ ರಜ. ಹಬ್ಬದ ಹೋಳಿಗೆಯನ್ನು ಸದಸ್ಯರು ನಿಶ್ಚಿಂತೆಯಿಂದ ತಿನ್ನಬಹುದು. ನಾವು ಬರೆಯಹೊರಟಿರುವುದು ಛಾವಣಿಯ ಮೇಲಿನ ಐಸಿನ ಬಗ್ಗೆ, ಮತ್ತು ಅದರ ನೆಪದಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮನ್ನು ಕಾಡಿರುವ ಒಂದು ಪ್ರಶ್ನೆಯ ಬಗ್ಗೆ.

2015ರ ಚಳಿಗಾಲವನ್ನು ಬಾಸ್ಟನ್ ಸುತ್ತಮುತ್ತ ಇದ್ದವರು ಮರೆತಿರಲಾರರು. ಆ ಸೀಸನ್ನಿನಲ್ಲಿ ಬಾಸ್ಟನ್ನಿನಲ್ಲಿ ಬಿದ್ದ ಹಿಮ 110.6 ಇಂಚು. ಅದರಲ್ಲಿ 64.8 ಇಂಚು ಫೆಬ್ರವರಿ ಒಂದೇ ತಿಂಗಳಿನದು. 1995-96ರ 107.6 ಇಂಚಿನ ದಾಖಲೆ ಮುರಿದುಹೋಯಿತು. ರೈಲುಗಳೇ ನಿಂತವು. ಸ್ನೋ ಎತ್ತಿ ಹಾಕಲು ಅಂಗಳದಲ್ಲಿ ಜಾಗವಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ನಮ್ಮ ಊಟದ ಕೋಣೆಯ ಸೀಲಿಂಗಿನಲ್ಲಿ ಕಾಫಿ ಚೆಲ್ಲಿದಂಥ ಕಲೆ ಕಾಣಿಸಿತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಕ್ಕಲು ಶುರು. ನಮ್ಮ ಶ್ರೀಮತಿಯವರು ಇಡ್ಲಿ ಪಾತ್ರೆಯನ್ನೇ ತಂದು ಕೆಳಗಿಟ್ಟರು. ಹೊರಗೆ ಹೋಗಿ ನೋಡಿದರೆ ಸೂರಿನುದ್ದಕ್ಕೂ ಒಂದು ಅಡಿ ದಪ್ಪದ ಐಸು, ಗಟರ್ ತುಂಬ ಐಸು, ಅದರಿಂದ ಇಳಿಬಿದ್ದ ಈಟಿಗಳು. ಇದನ್ನು ಇಲ್ಲಿಯವರು ಐಸ್ ಡ್ಯಾಮ್ ಎನ್ನುತ್ತಾರೆ. ನಾವು ಸಾಗರದ ಕಡೆಯವರು. ಲಿಂಗನಮಕ್ಕಿಯ ಹಿನ್ನೀರನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಐಸಿನ ಕಟ್ಟೆಯ ಹಿಂದೆ ಕರಗಿದ ನೀರು ನಿಲ್ಲುತ್ತದೆ. ಶಿಂಗಲ್ಸ್ ಇರುವುದು, ನಮ್ಮೂರ ಹೆಂಚಿನಂತೆ, ಇಳಿಯುವ ನೀರಿಗಾಗಿ, ನಿಂತ ನೀರಿಗಲ್ಲ. ನಿಂತ ನೀರು ಅದರಡಿಗೆ ಹಿಮ್ಮುಖವಾಗಿ ನುಗ್ಗಿ ಗೋಡೆಗೆ ಇಳಿಯುತ್ತದೆ.

ಹತ್ತಾರು ಕಡೆ ಫೋನು ಮಾಡಿದೆವು. ಹಬೆಯಿಂದ ಐಸ್ ಕರಗಿಸುವ ಒಬ್ಬರು ಸಾವಿರದ ಐನೂರು ಡಾಲರ್ ಎಂದರು, ಅದೂ ಒಂದು ವಾರ ಕಾಯಬೇಕು. ಅಷ್ಟರಲ್ಲಿ ಹಳೆಯ ಟ್ರಕ್ಕಿನಲ್ಲಿ ಇಬ್ಬರು ಬಂದು ಬಾಗಿಲು ತಟ್ಟಿದರು. ಒಬ್ಬನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಮುನ್ನೂರು ಡಾಲರ್ ಕೊಟ್ಟರೆ ಈಗಲೇ ಒಡೆದು ಹಾಕುತ್ತೇವೆ ಎಂದರು. ನಾವು ಸರಿ ಎಂದೆವು.

ಆ ಹುಡುಗ ಸಲಿಕೆ, ಸುತ್ತಿಗೆ ಹಿಡಿದು ಏಣಿ ಹತ್ತಿದ. ಸೊಂಟಕ್ಕೆ ಹಗ್ಗವಿರಲಿಲ್ಲ. ಶ್ರೀಮತಿಯವರು ಕಿಟಕಿಯಿಂದ ನೋಡಿ, "ಅಲ್ಲಾ ರೀ, ಹಗ್ಗ ಕಟ್ಟಿಕೊಂಡೇ ಇಲ್ವಲ್ಲ ಅವನು?" ಎಂದರು. ಅವರಿಗೆ ಅಭ್ಯಾಸವಿರುತ್ತದೆ ಬಿಡು ಎಂದೆವು. ಆಗ ಆರನೇ ಕ್ಲಾಸಿನಲ್ಲಿದ್ದ ಮಗಳು ಕೇಳಿದಳು: "ಅಪ್ಪಾ, ಅವನು ಬಿದ್ದರೆ ನೀನೇ ಟ್ರೀಟ್ ಮಾಡ್ತೀಯಾ?"

ಅವನು ಬೀಳಲಿಲ್ಲ. ಒಮ್ಮೆ ಕಾಲು ಜಾರಿತು, ಚಿಮಣಿ ಹಿಡಿದುಕೊಂಡ. ಎರಡು ಗಂಟೆಯ ಮೇಲೆ ಇಳಿದು, ಹಣ ಎಣಿಸಿಕೊಂಡು, ಶ್ರೀಮತಿಯವರು ಕೊಟ್ಟ ಬಿಸಿ ಕಾಫಿ ಕುಡಿದು ಹೋದ. ಕಥೆ ಇಷ್ಟೇ. ಆದರೂ ಆ ವಾರ ಆಸ್ಪತ್ರೆಯಲ್ಲಿ ಏಣಿಯಿಂದ ಬಿದ್ದವರನ್ನು ನೋಡಿದ್ದ ನಮಗೆ ರಾತ್ರಿ ನಿದ್ದೆ ಬರಲಿಲ್ಲ. ಅವನು ಬೀಳದೆ ಉಳಿದದ್ದು ಅವನ ಅದೃಷ್ಟ. ಅದನ್ನು ನಮ್ಮ ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳಲು ಬರುವುದಿಲ್ಲ. ಬಿದ್ದಿದ್ದರೆ ತಪ್ಪಾಗುತ್ತಿದ್ದ ಕೆಲಸ, ಬೀಳದಿದ್ದ ಮಾತ್ರಕ್ಕೆ ಸರಿಯಾಗುತ್ತದೆಯೆ?

ಸ್ನೇಹಿತರಲ್ಲಿ ಹೇಳಿಕೊಂಡರೆ ಸಮಾಧಾನದ ಮಾತುಗಳು ಬಂದವು. ಅವನು ತಾನಾಗಿ ಒಪ್ಪಿ ಬಂದ, ನೀವು ಹಣ ಕೊಟ್ಟಿರಿ, ಲೆಕ್ಕ ಚುಕ್ತಾ ಎಂದರು ಒಬ್ಬರು. ವೈದ್ಯರಿಗೆ ಈ 'ಒಪ್ಪಿಗೆ' ಎಂಬ ಮಾತು ದಿನದ ವ್ಯವಹಾರ. ರೋಗಿ ಕಾಗದಕ್ಕೆ ಸಹಿ ಹಾಕಿದರೆ ಸಾಲದು. ಅಪಾಯ ಏನೆಂದು ಅವನಿಗೆ ತಿಳಿಸಿರಬೇಕು, ಬೇರೆ ದಾರಿ ಏನಿದೆ ಎಂದು ಹೇಳಿರಬೇಕು, ಅವನ ಮೇಲೆ ಒತ್ತಡ ಇರಬಾರದು. ಮೊದಲ ಎರಡನ್ನು ನಾವು ಮಾಡಲಿಲ್ಲ. ಮೂರನೆಯದನ್ನು ವಿಚಾರಿಸಲೂ ಇಲ್ಲ. ಇಪ್ಪತ್ತು ಅಡಿ ಎತ್ತರದಿಂದ ಬಿದ್ದ ಬೆನ್ನುಮೂಳೆ ಏನಾಗುತ್ತದೆ ಎಂಬುದು ಅವನಿಗಿಂತ ನಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆವು.

ನೀವು ಬೇಡವೆಂದಿದ್ದರೆ ಪಕ್ಕದ ಮನೆಯ ಛಾವಣಿ ಹತ್ತುತ್ತಿದ್ದ, ಅವನ ಹೊಟ್ಟೆಪಾಡು ನಡೆಯಬೇಡವೆ ಎಂದರು ಇನ್ನೊಬ್ಬರು. ಇದರಲ್ಲಿ ಸತ್ಯವಿದೆ. ಛಾವಣಿಯ ಕೆಲಸ ಯಾರಾದರೂ ಮಾಡಲೇಬೇಕು. ಆದರೆ ಅದನ್ನು ಮಾಡುವ ರೀತಿ ಎಂಬುದೊಂದಿದೆ. ಈ ದೇಶದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ, ಕಟ್ಟಡ ಕೆಲಸದಲ್ಲಿ 6 ಅಡಿ ಎತ್ತರ ಮುಟ್ಟಿದರೆ ಸಾಕು, ಬೀಳದಂತೆ ರಕ್ಷಣೆ ಕಡ್ಡಾಯವೆನ್ನುತ್ತದೆ. ಹಗ್ಗ, ತರಬೇತಿ, ವಿಮೆ ಇವಕ್ಕೆಲ್ಲ ಖರ್ಚಿದೆ. ಒಂದು ಕಡೆ ಸಾವಿರದ ಐನೂರು, ಇನ್ನೊಂದು ಕಡೆ ಮುನ್ನೂರು. ನಡುವಿನ ಸಾವಿರದ ಇನ್ನೂರು ಡಾಲರನ್ನು ನಾವು ಉಳಿಸಿದೆವು ಎಂದುಕೊಂಡಿದ್ದೆವು. ಅದರಲ್ಲಿ ಬಹುಪಾಲು ಉಳಿದದ್ದು ಆ ಹುಡುಗನ ಸೊಂಟದಲ್ಲಿ ಇಲ್ಲದ ಹಗ್ಗದಿಂದ.

ಹಾಗಾದರೆ ನಾವೇ ಹತ್ತಬೇಕಿತ್ತೆ? ನಲವತ್ತು ದಾಟಿದ, ಮನೆಯಲ್ಲಿ ಹೆಂಡತಿ ಮಕ್ಕಳಿರುವ ಡಾಕ್ಟರು ಐಸಿನ ಮೇಲೆ ಹತ್ತುವುದು ಧರ್ಮವಲ್ಲ, ಹುಚ್ಚು. ಇಲ್ಲಿಗೆ ಬಂದು ನಮ್ಮ ಯೋಚನೆ ನಿಂತುಬಿಟ್ಟಿತ್ತು.

ದಾರಿ ತೋರಿದ್ದು ಆ ವರ್ಷ ಬೇಸಿಗೆಯಲ್ಲಿ ಮನೆ ತಪಾಸಣೆಗೆ ಬಂದವರು. ನಮ್ಮ ರಾಜ್ಯದ ಮಾಸ್ ಸೇವ್ ಯೋಜನೆಯಲ್ಲಿ ಈ ತಪಾಸಣೆಗೆ ಖರ್ಚಿಲ್ಲ. ಅವರು ಅಟ್ಟ ಹತ್ತಿ ಟಾರ್ಚು ಬಿಟ್ಟು ನೋಡಿ, ನಮ್ಮನ್ನೂ ಕರೆದು ತೋರಿಸಿದರು. ಬಚ್ಚಲಮನೆಯ ಫ್ಯಾನಿನ ಕೊಳವೆ ಹೊರಗೆ ಹೋಗದೆ ಅಟ್ಟದಲ್ಲೇ ಬಾಯಿ ತೆರೆದಿತ್ತು. ಅಡುಗೆಮನೆಯ ಅಂದಕ್ಕೆಂದು ನಾವೇ ಹಾಕಿಸಿದ ಸೀಲಿಂಗ್ ದೀಪಗಳ ಸುತ್ತ ಸಂದುಗಳಿದ್ದವು. ಅಟ್ಟದ ಮುಚ್ಚಳಕ್ಕೆ ಇನ್ಸುಲೇಶನ್ನೇ ಇರಲಿಲ್ಲ. ಮನೆಯ ಬಿಸಿಗಾಳಿ ಈ ಎಲ್ಲ ಕಡೆಯಿಂದ ಅಟ್ಟಕ್ಕೇರಿ ಛಾವಣಿಯನ್ನು ಬೆಚ್ಚಗೆ ಮಾಡುತ್ತಿತ್ತು. ಮೇಲಿನ ಹಿಮ ಅಡಿಯಿಂದ ಕರಗಿ ಕೆಳಗೆ ಹರಿಯುತ್ತಿತ್ತು. ಸೂರಿನ ಕೆಳಗೆ ಮನೆಯಿಲ್ಲ, ಬಿಸಿಯೂ ಇಲ್ಲ. ಅಲ್ಲಿ ಬಂದು ಮತ್ತೆ ಹೆಪ್ಪುಗಟ್ಟುತ್ತಿತ್ತು.

ಹಿಮ ಆಕಾಶದ್ದು, ಐಸು ನಮ್ಮದು ಎಂದು ಅಂದು ತಿಳಿಯಿತು. ನಾವು ತಡೆಯಬಹುದಾಗಿದ್ದ ಅಪಾಯವನ್ನು ತಡೆಯದೆ, ಅದರ ಫಲವನ್ನು ಒಡೆಯಲು ಬೇರೆಯವರ ಮಗನನ್ನು ಮೇಲೆ ಹತ್ತಿಸಿದ್ದೆವು. ಫೆಬ್ರವರಿಯಲ್ಲಿ ನಮಗೆ ಒಳ್ಳೆಯ ದಾರಿಯೇ ಉಳಿದಿರಲಿಲ್ಲ, ನಿಜ. ಆದರೆ ಅಕ್ಟೋಬರಿನಲ್ಲಿ ಇತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯಲ್ಲಿ ದಡ್ಡತನದ ಹಾಸ್ಯ ಮಾತ್ರ ಇದೆ ಎಂದುಕೊಂಡಿದ್ದೆವು. ಆ ಬಾವಿಗೆ ಇಳಿಯುವವನು ಬೇರೆಯವನಾದರೆ ಅದು ಪಾಪದ ಮಾತೂ ಹೌದು.

ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಿದ್ದರು. ಮಾಡು ಹತ್ತುತ್ತಿದ್ದದ್ದು ಆಗಲೂ ಮನೆಯ ಯಜಮಾನರಲ್ಲ, ಕೆಲಸದವರೇ. ಹಳೆಯದನ್ನೆಲ್ಲ ಹೊಗಳುವ ಉದ್ದೇಶ ನಮಗಿಲ್ಲ. ಆದರೆ ನಮ್ಮ ತಂದೆ ಆ ಕೆಲಸವನ್ನು ಹೆಂಚು ಒಣಗಿರುವಾಗ, ಮೇ ತಿಂಗಳ ಬಿಸಿಲಿನಲ್ಲಿ ಮಾಡಿಸುತ್ತಿದ್ದರು, ಮುಗಿಯುವವರೆಗೂ ಏಣಿಯ ಬುಡ ಬಿಟ್ಟು ಕದಲುತ್ತಿರಲಿಲ್ಲ. ಪಾಚಿಗಟ್ಟಿದ ಹೆಂಚಿನ ಮೇಲೆ ಜಡಿಮಳೆಯಲ್ಲಿ ಯಾರನ್ನೂ ಹತ್ತಿಸಿದ್ದನ್ನು ನಾವು ಕಾಣೆವು. ಸೋರಿದರೆ ಪಾತ್ರೆ ಇಡು ಎನ್ನುತ್ತಿದ್ದರು. ಅಮೆರಿಕಕ್ಕೆ ಬಂದು ದೊಡ್ಡ ಓದು ಓದಿದ ನಮಗೆ ಅಷ್ಟು ತಿಳಿಯದೆ ಹೋಯಿತು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮುಂಚೆ ಒಮ್ಮೆ ಅಟ್ಟ ಹತ್ತಿ ನೋಡಿ. ಸಂದು ಮುಚ್ಚುವುದು ಮೊದಲು, ಇನ್ಸುಲೇಶನ್ ಆಮೇಲೆ. ಸೂರಿನಿಂದ ಗಾಳಿ ಒಳಬರುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಎಲೆ ಉದುರಿದ ಮೇಲೆ ಒಣ ದಿನ ನೋಡಿ ಗಟರ್ ಸ್ವಚ್ಛ ಮಾಡಿಸಿ. ಏಣಿಯ ಬುಡದಲ್ಲಿ ನೀವೂ ನಿಲ್ಲಿ. ಉದ್ದ ಕೋಲಿನ ರೂಫ್ ರೇಕ್ ಒಂದನ್ನು ಕೊಂಡು, ಪ್ರತಿ ಸ್ನೋ ಬಿದ್ದ ಮೇಲೆ ನೆಲದ ಮೇಲೆ ನಿಂತೇ, ವಿದ್ಯುತ್ ತಂತಿಗಳಿಂದ ದೂರವಿದ್ದು, ಸೂರಿನಿಂದ ಮೂರು ನಾಲ್ಕು ಅಡಿಯಷ್ಟು ಎಳೆದು ಹಾಕಿ. ಎಳೆಯುವಾಗ ಎದೆ ಬಿಗಿದಂತಾದರೆ ಕೂಡಲೇ ನಿಲ್ಲಿಸಿ 911ಕ್ಕೆ ಫೋನು ಮಾಡಿ. (ಇಷ್ಟಾದರೂ ವೈದ್ಯಕೀಯ ಸಲಹೆ ಕೊಡದಿದ್ದರೆ ಸಂಪಾದಕರು ಬೇಸರಿಸಿಯಾರು.) ಇಷ್ಟೆಲ್ಲ ಮಾಡಿಯೂ ಮನೆ ಸೋರಿದರೆ, ಹಗ್ಗ ಮತ್ತು ವಿಮೆ ಇರುವವರನ್ನು ಕರೆಯಿರಿ, ಅವರು ಬರುವತನಕ ಪಾತ್ರೆ ಇಡಿ. ಸೀಲಿಂಗಿಗೆ ಮತ್ತೆ ಬಣ್ಣ ಹೊಡೆಸಬಹುದು.

ಆ ಹುಡುಗನಿಗೆ ಈಗ ಮೂವತ್ತು ದಾಟಿರಬೇಕು. ಅವನ ಹೆಸರನ್ನೂ ನಾವು ಕೇಳಿರಲಿಲ್ಲ. ಮಗಳ ಪ್ರಶ್ನೆಗೆ ಅಂದು ಉತ್ತರ ಕೊಡದೆ ಟಿ.ವಿ. ಹಾಕಿದ್ದೆವು. ಉತ್ತರ ಇದು: ಬಿದ್ದ ಮೇಲೆ ಟ್ರೀಟ್ ಮಾಡುವುದು ದೊಡ್ಡ ಮಾತಲ್ಲ ಮಗಳೇ, ಅವನನ್ನು ಹತ್ತಿಸದೆ ಇರುವುದು ನಮ್ಮ ಕೈಯಲ್ಲಿತ್ತು.